ಹಳೆಯ ಸಣ್ಣಕಥೆಗಳಲ್ಲಿ ಮದುವೆ ಗೆಲ್ಲುವುದು ತ್ಯಾಗದಿಂದ, ಅಲ್ವಾ?

ಅಲ್ಲ. ಯಾಕೆ ಅಂತ ಹೇಳಲು ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಓ. ಹೆನ್ರಿಯ ಕ್ರಿಸ್‌ಮಸ್ ಕಥೆ ‘ದಿ ಗಿಫ್ಟ್ ಆಫ್ ದಿ ಮ್ಯಾಜೈ’ಯಲ್ಲಿ ಗಂಡ ಹೆಂಡತಿ ಜಿಮ್ ಮತ್ತು ಡೆಲ್ಲಾ ಒಬ್ಬರಿಗೊಬ್ಬರು ಹೇಳದೆ ತ್ಯಾಗ ಮಾಡಿದರು, ಅವಳು ಕೂದಲು ಮಾರಿ ಅವನ ಗಡಿಯಾರಕ್ಕೆ ಸರಪಳಿ ತಂದಳು, ಅವನು ಆ ಗಡಿಯಾರ ಮಾರಿ ಅವಳ ಕೂದಲಿಗೆ ಬಾಚಣಿಗೆ ತಂದ, ಅದಕ್ಕೇ ಅವರ ಮದುವೆ ಗೆದ್ದಿತು ಅಂತ ಬರೆದಿದ್ದೀರಿ. ಮೊಪಾಸಾನ ‘ನೆಕ್ಲೆಸ್’ ಕಥೆಯ ಮಟಿಲ್ಡಾಗೆ ಆಸೆ ಜಾಸ್ತಿ, ಅದಕ್ಕೇ ಅವಳ ಸಂಸಾರ ಹಾಳಾಯಿತು ಅಂತಲೂ ಬರೆದಿದ್ದೀರಿ. ಇಂಥ ಇನ್ನಷ್ಟು ಕಥೆ ಹೇಳಿ ಅಂತ ಕೇಳಿದ್ದೀರಿ. ಕೆಳಗೆ ಇನ್ನೊಂದು ವಿಷಯವೂ ಇದೆ. ನಿಮಗೆ ಪುಣೆಯಲ್ಲಿ ಒಳ್ಳೆ ಕೆಲಸ ಸಿಕ್ಕಿದೆ. ಮದುವೆಯಾಗುವ ಹುಡುಗ ಬೆಂಗಳೂರಿನವರು. ಅವರಿಗಾಗಿ ಆ ಕೆಲಸ ಬೇಡ ಅಂತ ಬರೆದುಬಿಡುತ್ತೀರಿ, ಶುಕ್ರವಾರದೊಳಗೆ ಉತ್ತರ ಕೊಡಬೇಕು, ಅವರಿಗೆ ಮಾತ್ರ ಹೇಳುವುದಿಲ್ಲ. ‘ಮುಂದೆ ಯಾವತ್ತಾದರೂ ಅವರಿಗೇ ಗೊತ್ತಾಗಲಿ.’

ಈ ಕೊನೆಯ ಮಾತಿಗೋಸ್ಕರ ನಾನು ಉತ್ತರ ಬರೆಯುತ್ತಿರುವುದು. ನಾನೂ ಅದನ್ನೇ ಮಾಡಿದವನು.

ನನಗೆ ಅರವತ್ತು ದಾಟಿದೆ. ಬೆಂಗಳೂರಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದೆ, ಹೆಚ್ಚು ಕಡಿಮೆ ಇಡೀ ಸರ್ವಿಸ್ ಕ್ಯಾಷ್ ಕೌಂಟರಿನಲ್ಲೇ ಕಳೆಯಿತು. ಆಗ ಹನುಮಂತನಗರದಲ್ಲಿ ಬಾಡಿಗೆ ಮನೆ. ಹೆಂಡತಿ ಜಯನಗರದ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಟೀಚರ್. ಅವಳ ತವರು ತೀರ್ಥಹಳ್ಳಿ. ಮಾವ ನಮ್ಮ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಅತ್ತೆ ಅಲ್ಲಿ ಒಬ್ಬರೇ ಇದ್ದರು. ಬೆಂಗಳೂರಿಗೆ ಬನ್ನಿ ಅಂದರೆ ಬರುತ್ತಿರಲಿಲ್ಲ. ಮನೆ, ತೋಟ, ಒಂದು ಹಸು ಬಿಟ್ಟು ಬರುವವರಲ್ಲ ಅವರು.

ಓ. ಹೆನ್ರಿಯ ಆ ಕಥೆ ನಮಗೆ ಪಿಯುಸಿಯಲ್ಲಿ ಇತ್ತು. ಪಾಠ ಮಾಡಿದ ಮೇಷ್ಟ್ರು ಒಳ್ಳೆಯವರು, ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದರು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು, ಗಂಡ ಹೆಂಡತಿ ಅಂದರೆ ಹಾಗಿರಬೇಕು ಅಂತ. ನನಗೆ ಅದು ಮನಸ್ಸಿಗೆ ನಾಟಿತು. ಪ್ರೀತಿ ಅಂದರೆ ಹೇಳದೆ ಬಿಟ್ಟುಕೊಡುವುದು. ಮದುವೆಯಾದ ಮೇಲೂ ಅದನ್ನೇ ನಂಬಿಕೊಂಡಿದ್ದೆ.

ಆಫೀಸರ್ ಪ್ರಮೋಷನ್‌ಗೆ ಪರೀಕ್ಷೆ ಬರೆದೆ. ಮನೆಯಲ್ಲಿ ‘ಸುಮ್ನೆ ಬರೀತಿದೀನಿ’ ಅಂದಿದ್ದೆ. ಪಾಸಾಯಿತು, ಇಂಟರ್ವ್ಯೂ ಆಯಿತು, ಲಿಸ್ಟಿನಲ್ಲಿ ಹೆಸರು ಬಂತು. ಬ್ಯಾಂಕಿನಲ್ಲಿ ಕ್ಲರ್ಕ್ ಆಫೀಸರ್ ಆದರೆ ಊರು ಬಿಡಬೇಕು. ಅದು ಎಲ್ಲರಿಗೂ ಗೊತ್ತಿರುವ ವಿಷಯ, ಅದಕ್ಕೇ ಎಷ್ಟೋ ಜನ ಪ್ರಮೋಷನ್ ಬೇಡ ಅನ್ನುತ್ತಿದ್ದರು. ನನಗೆ ಹಾಕಿದ್ದು ಶಿವಮೊಗ್ಗ ಜಿಲ್ಲೆಗೆ.

ನಾನು ಮೇಜಿನ ಮುಂದೆ ಕೂತು ಯೋಚನೆ ಮಾಡಿದೆ. ಹೆಂಡತಿಯ ಕೆಲಸ ಇಲ್ಲಿದೆ. ನಾನು ಹೋದರೆ ಅವಳು ಕೆಲಸ ಬಿಡಬೇಕಾಗುತ್ತದೆ. ಓದಿದ ಹುಡುಗಿ, ಪಾಠ ಮಾಡುವುದು ಅಂದರೆ ಪ್ರಾಣ. ನಾನೇ ಬಿಟ್ಟುಕೊಡುತ್ತೇನೆ. ಅವತ್ತು ಮಧ್ಯಾಹ್ನವೇ ಪ್ರಮೋಷನ್ ಬೇಡ ಅಂತ ಬರೆದುಕೊಟ್ಟೆ. ಸಂಜೆ ಮನೆಗೆ ಬಂದು ‘ಆಗಲಿಲ್ಲ ಕಣೇ’ ಅಂದೆ. ಅವಳು ‘ಹೋಗ್ಲಿ ಬಿಡಿ, ಮುಂದಿನ ಸಲ ಆಗತ್ತೆ’ ಅಂತ ಸಮಾಧಾನ ಮಾಡಿದಳು. ಬಾಯಿ ಬಿಡದೆ ಅವಳಿಗಾಗಿ ಏನೋ ದೊಡ್ಡದು ಮಾಡಿದೆ ಅಂತ ನನಗೆ ಒಳಗೊಳಗೇ ಎಷ್ಟು ಸಂತೋಷವಾಗಿತ್ತು ಅಂದರೆ, ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಇಲ್ಲಿ ನಾನು ಏನು ತಪ್ಪು ಮಾಡಿದೆ ಅನ್ನುವುದನ್ನು ಬಿಡಿಸಿ ಹೇಳಬೇಕು. ಇದು ಬರೀ ಒಂದು ಸುಳ್ಳಿನ ವಿಷಯ ಅಂತ ನೀವು ತಿಳಿದುಕೊಳ್ಳಬಹುದು. ಅಷ್ಟೇ ಆಗಿದ್ದರೆ ವಾಸಿ ಇತ್ತು.

ಮೊದಲನೆಯದು, ನಾನು ಅವಳನ್ನು ಕೇಳಲಿಲ್ಲ. ಅವಳಿಗೆ ಏನು ಬೇಕು ಅಂತ ನಾನೇ ಊಹೆ ಮಾಡಿಕೊಂಡೆ. ಊಹೆ ಮಾಡಿದ್ದೂ ಪ್ರೀತಿಯಿಂದಲೇ. ಆದರೆ ಅದು ಅವಳ ಬದುಕು. ಅದರ ಬಗ್ಗೆ ಒಂದು ಇಡೀ ತೀರ್ಮಾನವನ್ನು ಅವಳಿಲ್ಲದೆ, ಬ್ಯಾಂಕಿನ ಒಂದು ಹಾಳೆಯ ಮೇಲೆ ಮುಗಿಸಿಬಿಟ್ಟೆ.

ಎರಡನೆಯದು ನಿಧಾನವಾಗಿ ಬಂತು. ನಾನು ಬಿಟ್ಟುಕೊಟ್ಟದ್ದು ಅವಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಶಾಲೆಯ ವಾರ್ಷಿಕೋತ್ಸವದ ತಯಾರಿ ಅಂತ ಅವಳು ತಡವಾಗಿ ಬಂದರೆ, ‘ನಿನಗೋಸ್ಕರ ನಾನು ಏನು ಬಿಟ್ಟೆ ಗೊತ್ತಾ’ ಅಂತ ಮನಸ್ಸು ಹೇಳುತ್ತಿತ್ತು. ನನಗಿಂತ ಚಿಕ್ಕವನೊಬ್ಬ ಮ್ಯಾನೇಜರ್ ಆಗಿ ನಮ್ಮ ಬ್ರಾಂಚಿಗೇ ಬಂದಾಗ ಮನೆಗೆ ಹೋಗಿ ಅವಳ ಮೇಲೆ ಮುಖ ಊದಿಸಿಕೊಂಡೆ. ಅವಳು ‘ಏನಾಯ್ತು?’ ಅಂದರೆ ‘ಏನಿಲ್ಲ’. ಸಾಲ ತೆಗೆದುಕೊಂಡವರಿಗೇ ಗೊತ್ತಿಲ್ಲದ ಸಾಲಕ್ಕೆ ವರ್ಷ ವರ್ಷ ಬಡ್ಡಿ ಸೇರಿಸುತ್ತಾ ಹೋದ ಹಾಗಿತ್ತು. ಅವಳು ಎಷ್ಟು ಒಳ್ಳೆಯವಳಾಗಿದ್ದರೂ ನನ್ನ ಲೆಕ್ಕದಲ್ಲಿ ಸಾಲದು. ಯಾಕೆ ಸಾಲದು ಅಂತ ಅವಳಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಈ ನಡುವೆ ಅತ್ತೆಗೆ ಹುಷಾರು ತಪ್ಪಿತು. ರಜಾ ಬಂದರೆ ಸಾಕು, ಹೆಂಡತಿ ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ಸು ಹಿಡಿಯುತ್ತಿದ್ದಳು. ಸೋಮವಾರ ಬೆಳಿಗ್ಗೆ ಇಳಿದು, ಮುಖ ತೊಳೆದು, ನೇರ ಶಾಲೆಗೆ. ಹೀಗೆಯೇ ಕೆಲವು ವರ್ಷ ನಡೆಯಿತು. ಅತ್ತೆ ತೀರಿಕೊಂಡಾಗ ಇವಳು ದಾರಿಯಲ್ಲಿದ್ದಳು.

ಆಮೇಲೆ ಎಷ್ಟೋ ಕಾಲಕ್ಕೆ, ನಮ್ಮ ಹೊಸ ಮನೆಯ ಗೃಹಪ್ರವೇಶಕ್ಕೆ ಬಂದಿದ್ದ ಹಳೆಯ ಸಹೋದ್ಯೋಗಿಯೊಬ್ಬರು ಊಟವಾದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ, ‘ಅವತ್ತು ನೀನು ಶಿವಮೊಗ್ಗದ ಪೋಸ್ಟಿಂಗ್ ತಗೊಂಡಿದ್ರೆ ಇವತ್ತು ಸೀನಿಯರ್ ಮ್ಯಾನೇಜರ್ ಕಣಯ್ಯಾ’ ಅಂದರು. ಅವಳು ಅಲ್ಲೇ ಎಲ್ಲರಿಗೂ ಹಣ್ಣು ಕೊಡುತ್ತಿದ್ದಳು. ಬಂದವರೆಲ್ಲ ಹೋಗುವ ತನಕ ಏನೂ ಕೇಳಲಿಲ್ಲ. ರಾತ್ರಿ ಕೇಳಿದಳು, ‘ಶಿವಮೊಗ್ಗಕ್ಕಾ?’

ನಾನು ಎಲ್ಲ ಹೇಳಿದೆ. ಹೇಳುವಾಗಲೂ, ನಿಜವಾಗಿ, ಅವಳು ಕರಗುತ್ತಾಳೆ ಅಂತಲೇ ಕಾದಿದ್ದೆ. ಇಷ್ಟು ವರ್ಷ ಕಾದಿದ್ದು ಆ ಗಳಿಗೆಗೇ.

ಅವಳು ಹೇಳಿದ್ದು ಇಷ್ಟು. ‘ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಆ ಶಾಲೆಯಲ್ಲಿ ನಾನು ಸುಖವಾಗಿದ್ದೆ ಅಂತ ನಿಮಗೆ ಯಾರು ಹೇಳಿದ್ರು? ಅಮ್ಮನ ಹತ್ತಿರ ಇರಬಹುದಿತ್ತು.’

ಆ ಮೇಲೆ ತುಂಬ ದಿನ ಅವಳು ಬೇಕಾದಷ್ಟೇ ಮಾತಾಡಿದಳು. ಜಗಳ ಇಲ್ಲ, ಅಳು ಇಲ್ಲ. ಊಟಕ್ಕೆ ಬನ್ನಿ, ಗ್ಯಾಸ್ ಬುಕ್ ಮಾಡಿ, ಅಷ್ಟೇ. ನಾನು ನನ್ನ ಒಳ್ಳೆಯತನವನ್ನು ಹಿಡಿದುಕೊಂಡು ಕೂತಿದ್ದೆ. ನಾನು ಮಾಡಿದ್ದು ಒಳ್ಳೆಯದಕ್ಕೇ ಅಲ್ವಾ ಅಂತ.

ಕೊನೆಗೆ ನಾನೇ ಒಂದು ದಿನ ಓ. ಹೆನ್ರಿಯ ಕಥೆ ಎತ್ತಿದೆ. ಡೆಲ್ಲಾ, ಜಿಮ್ ಇಬ್ಬರ ತ್ಯಾಗವೂ ವ್ಯರ್ಥವಾಯಿತು, ಆದರೂ ಅವರು ಜಾಣರು ಅಂತ ಕಥೆಗಾರನೇ ಹೇಳುತ್ತಾನಲ್ಲ ಅಂದೆ. ಅವಳು ಮಕ್ಕಳಿಗೆ ಆ ಕಥೆ ಪಾಠ ಮಾಡಿದವಳು. ತಿದ್ದುತ್ತಿದ್ದ ಉತ್ತರ ಪತ್ರಿಕೆ ಕೆಳಗಿಟ್ಟಳು. ‘ಡೆಲ್ಲಾ ಮಾರಿದ್ದು ತನ್ನ ಕೂದಲು ಕಣ್ರೀ. ನೀವು ಮಾರಿದ್ದು ನನ್ನದು’ ಅಂದಳು.

ದಯವಿಟ್ಟು ಈಗ ಆ ಕಥೆಯನ್ನು ಇನ್ನೊಂದು ಸಲ ಓದಿ. 1905ರಲ್ಲಿ ಬಂದ ಕಥೆ ಅದು. ಅದರಲ್ಲಿ ಲೆಕ್ಕ ಎಲ್ಲ ಸರಿಯಾಗಿ ಬರೆದಿದೆ, ಕ್ಯಾಷ್ ಕೌಂಟರಿನವನಾದ ನನಗೆ ಆ ಲೆಕ್ಕವೇ ಮೊದಲು ಕಣ್ಣಿಗೆ ಬೀಳಬೇಕಿತ್ತು. ಡೆಲ್ಲಾ ಕೈಯಲ್ಲಿದ್ದದ್ದು 1 ಡಾಲರ್ 87 ಸೆಂಟ್. ಕೂದಲಿಗೆ 20 ಡಾಲರ್ ಸಿಕ್ಕಿತು. ಗಂಡನ ಗಡಿಯಾರಕ್ಕೆ ಸರಪಳಿ ಕೊಂಡದ್ದು 21 ಡಾಲರಿಗೆ. ಉಳಿದ 87 ಸೆಂಟ್ ಹಿಡಿದುಕೊಂಡು ಮನೆಗೆ ಓಡಿದಳು. ಮಾರಿದ್ದು ತನ್ನದನ್ನೇ, ಗಂಡನದನ್ನಲ್ಲ. ಜಿಮ್ ಕೂಡ ಹೆಂಡತಿಯ ಬಾಚಣಿಗೆಗಾಗಿ ತನ್ನ ಗಡಿಯಾರ ಮಾರಿದ. ಇನ್ನೊಬ್ಬರ ಬದುಕು ಹೀಗೇ ಇರಲಿ ಅಂತ ಇಬ್ಬರಲ್ಲಿ ಯಾರೂ ತೀರ್ಮಾನ ಮಾಡಲಿಲ್ಲ.

ಇನ್ನೊಂದು ವಿಷಯ, ಆ ಗುಟ್ಟು ಎಷ್ಟು ಹೊತ್ತು ಉಳಿಯಿತು ನೋಡಿ. ಹಗಲು ಕೂದಲು ಮಾರಿದಳು, ಸಂಜೆ ಏಳಕ್ಕೆ ಕಾಫಿ ರೆಡಿ ಮಾಡಿ ಕಾದಳು, ಗಂಡ ಬಾಗಿಲಲ್ಲಿ ಬಂದು ನಿಂತ ಕೂಡಲೇ ಹೇಳಿಬಿಟ್ಟಳು. ಅವನೂ ಹೇಳಿದ. ಆಮೇಲೆ ಅಡುಗೆ ಬಿಸಿ ಮಾಡು ಅಂದ. ಇಡೀ ಗುಟ್ಟು ಒಂದು ದಿನವೂ ಬಾಳಲಿಲ್ಲ. ಅದು ಹತ್ತು ವರ್ಷ ಬಾಳಿದ್ದರೆ ಏನಾಗುತ್ತಿತ್ತು ಅನ್ನುವ ಕಥೆಯನ್ನು ಓ. ಹೆನ್ರಿ ಬರೆಯಲಿಲ್ಲ. ಅದರ ಕೊನೆಯ ಪ್ಯಾರಾ ನನಗೆ ಈಗ ಇಷ್ಟವಿಲ್ಲ. ಅಲ್ಲಿ ಅವನು ತ್ಯಾಗವನ್ನು ಹೊಗಳುತ್ತಾನೆ, ನಮ್ಮಂಥವರು ಅದೊಂದನ್ನೇ ನೆನಪಿಟ್ಟುಕೊಳ್ಳುತ್ತೇವೆ.

ಇನ್ನು ನಿಮ್ಮ ಮಟಿಲ್ಡಾ. ‘ನೆಕ್ಲೆಸ್’ 1884ರ ಕಥೆ. ಅವಳಿಗೆ ಆಸೆ ಇತ್ತು, ನಿಜ. ಆದರೆ ಸಂಸಾರ ಹಾಳಾಯಿತು ಅಂತ ಎಲ್ಲಿ ಬರೆದಿದೆ? ಗಂಡ ಬಂದೂಕು ಕೊಳ್ಳಲು ಕೂಡಿಟ್ಟ 400 ಫ್ರಾಂಕನ್ನು ಅವಳ ಉಡುಪಿಗೆ ಕೊಟ್ಟ. ಅವಳು ಗೆಳತಿಯಿಂದ ಎರವಲು ತಂದ ಹಾರ ಕಳೆದಾಗ ಬೀದಿ ಬೀದಿ ಹುಡುಕಿದ. ಅಂಥದ್ದೇ ಹಾರಕ್ಕೆ 36,000 ಫ್ರಾಂಕ್ ಆಯಿತು. ಅರ್ಧ ಅವನ ಅಪ್ಪ ಬಿಟ್ಟುಹೋದ ದುಡ್ಡು, ಅರ್ಧ ಸಾಲ. ಆ ಸಾಲ ತೀರಿಸಲು ಹತ್ತು ವರ್ಷ ಇಬ್ಬರೂ ದುಡಿದರು. ಕೆಲಸದವಳನ್ನು ಬಿಡಿಸಿದರು, ಮನೆ ಬಿಟ್ಟು ಅಟ್ಟದ ಕೋಣೆಗೆ ಹೋದರು. ಅವಳು ಪಾತ್ರೆ ಉಜ್ಜಿದಳು, ನೀರು ಹೊತ್ತಳು, ಕಾಸಿಗೆ ಕಾಸು ಚೌಕಾಸಿ ಮಾಡಿದಳು. ಅವನು ಸಂಜೆ ಹೊತ್ತು ಇನ್ನೊಬ್ಬರ ಲೆಕ್ಕ ಬರೆದ, ರಾತ್ರಿ ಪುಟಕ್ಕೆ ಇಷ್ಟು ಅಂತ ನಕಲು ಮಾಡಿಕೊಟ್ಟ. ನನ್ನ ಕಣ್ಣಿಗೆ ಇದು ಗಟ್ಟಿ ಮದುವೆ. ಏನಾಯಿತು ಅಂತ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಒಂದೇ ಕಡೆ ನಿಂತರು. ಅವರು ಸುಳ್ಳು ಹೇಳಿದ್ದು ಹಾರ ಕೊಟ್ಟ ಗೆಳತಿಗೆ. ಕೊಂಡಿ ಮುರಿದಿದೆ, ರಿಪೇರಿಗೆ ಕೊಟ್ಟಿದ್ದೇವೆ ಅಂತ ಬರೆ ಅಂದವನು ಗಂಡನೇ. ಅವತ್ತೇ ಅವಳ ಮನೆಗೆ ಹೋಗಿ ಕಳೆದುಹೋಯಿತು ಅಂದಿದ್ದರೆ, ಅದು ನಕಲಿ, ಹೆಚ್ಚೆಂದರೆ 500 ಫ್ರಾಂಕಿನದು ಅಂತ ಆ ದಿನವೇ ತಿಳಿಯುತ್ತಿತ್ತು. ನಾನು ಮನೆಗೆ ಬಂದು ಹೇಳಿದ ‘ಆಗಲಿಲ್ಲ ಕಣೇ’ ಈ ಕೊಂಡಿಯ ಸುಳ್ಳಿನ ಜಾತಿಗೇ ಸೇರಿದ್ದು. ಅದನ್ನು ನಾನು ಹೇಳಿದ್ದು ಹೊರಗಿನವರಿಗಲ್ಲ, ಅಷ್ಟೇ ವ್ಯತ್ಯಾಸ.

ಪ್ರೀತಿ ಇದ್ದರೆ ಸಾಕು ಅನ್ನುವವರು ಕೇಟ್ ಶೋಪ್ಯಾನ್ 1894ರಲ್ಲಿ ಬರೆದ, ಒಂದು ಗಂಟೆಯಲ್ಲಿ ನಡೆದು ಮುಗಿಯುವ ‘ದಿ ಸ್ಟೋರಿ ಆಫ್ ಆನ್ ಅವರ್’ ಕಥೆಯನ್ನು ಓದಬೇಕು. ಗಂಡ ರೈಲು ಅಪಘಾತದಲ್ಲಿ ಸತ್ತ ಅಂತ ಸುದ್ದಿ ಬರುತ್ತದೆ. ಹೆಂಡತಿ ಲೂಯಿಸ್ ಅಳುತ್ತಾಳೆ, ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಕಿಟಕಿಯ ಮುಂದೆ ಕೂತಾಗ, ಇನ್ನು ನಾನು ಸ್ವತಂತ್ರಳು ಅನ್ನಿಸುತ್ತದೆ. ಗಂಡ ಕೆಟ್ಟವನಲ್ಲ. ಅವಳನ್ನು ಪ್ರೀತಿಯಿಂದಲೇ ನೋಡಿಕೊಂಡವನು. ಆದರೂ ಅವಳಿಗೆ ಹಾಗನ್ನಿಸುತ್ತದೆ. ಒಬ್ಬರು ತಮ್ಮ ಇಚ್ಛೆಯನ್ನು ಇನ್ನೊಬ್ಬರ ಮೇಲೆ ಹೇರುವುದು ಒಳ್ಳೆ ಮನಸ್ಸಿನಿಂದಾದರೂ ಕೆಟ್ಟ ಮನಸ್ಸಿನಿಂದಾದರೂ ಅಪರಾಧವೇ ಅಂತ ಅವಳಿಗೆ ಆ ಹೊತ್ತಿನಲ್ಲಿ ಕಾಣುತ್ತದೆ. ‘ನಾನು ಮಾಡಿದ್ದು ಒಳ್ಳೆಯದಕ್ಕೇ ಅಲ್ವಾ’ ಅಂತ ಕೂತಿದ್ದ ನನಗೆ ಇದು ಉತ್ತರ. ಗಂಡ ಬದುಕಿ ಬಂದದ್ದನ್ನು ನೋಡಿ ಅವಳು ಸಾಯುತ್ತಾಳೆ, ಡಾಕ್ಟರುಗಳು ಸಂತೋಷ ತಡೆಯಲಾರದೆ ಸತ್ತಳು ಅನ್ನುತ್ತಾರೆ. ಎರಡು ಮೂರು ಪುಟದ ಕಥೆ. ನಾನು ಅದನ್ನು ತುಂಬ ತಡವಾಗಿ ಓದಿದೆ.

ಆದರೆ ನಿಮಗೆ ಒಂದೇ ಒಂದು ಕಥೆ ಹೇಳು ಅಂದರೆ ನಾನು ಹೇಳುವುದು ರವೀಂದ್ರನಾಥ ಠಾಕೂರರ ‘ನಷ್ಟನೀಡ’. 1901ರದ್ದು, ಸಣ್ಣಕಥೆಗಿಂತ ಸ್ವಲ್ಪ ಉದ್ದ. ನನ್ನ ಹೆಂಡತಿ ಅದನ್ನು ಬಸವನಗುಡಿಯ ವಾಡಿಯಾ ರಸ್ತೆಯ ವರ್ಲ್ಡ್ ಕಲ್ಚರ್ ಲೈಬ್ರರಿಯಿಂದ ತಂದಿದ್ದಳು. ಓದಿ ಮುಗಿಸಿ ನನ್ನ ಮುಂದಿಟ್ಟಳು, ಏನೂ ಹೇಳಲಿಲ್ಲ.

ಭೂಪತಿ ಇಂಗ್ಲಿಷ್ ಪತ್ರಿಕೆ ನಡೆಸುವ ಅನುಕೂಲಸ್ಥ. ಒಳ್ಳೆಯವನು, ಆದರೆ ಪತ್ರಿಕೆಯೇ ಅವನ ಲೋಕ. ಚಿಕ್ಕ ವಯಸ್ಸಿನ ಹೆಂಡತಿ ಚಾರುಲತಾ ಮನೆಯಲ್ಲಿ ಬೆಳೆದು ದೊಡ್ಡವಳಾದದ್ದೇ ಅವನ ಗಮನಕ್ಕೆ ಬಂದಿಲ್ಲ. ಅವಳಿಗೆ ಬೇಕಾದದ್ದೆಲ್ಲ ಇದೆ ಅಂತ ಅವನು ಅಂದುಕೊಂಡಿದ್ದಾನೆ. ಗಂಡನ ವರಸೆಯ ತಮ್ಮ ಅಮಲ್ ಜೊತೆ ಅವಳು ಓದುತ್ತಾಳೆ, ಬರೆಯುತ್ತಾಳೆ, ಜಗಳವಾಡುತ್ತಾಳೆ, ಮನಸ್ಸು ಅಲ್ಲಿ ನೆಲೆ ನಿಲ್ಲುತ್ತದೆ. ಅಮಲ್ ಮದುವೆಯಾಗಿ ವಿಲಾಯಿತಿಗೆ ಹೋಗುತ್ತಾನೆ. ಅವನ ಸುದ್ದಿ ತಿಳಿಯಲು ಅವಳು ಗುಟ್ಟಾಗಿ ಒಡವೆ ಅಡವಿಟ್ಟು ತಂತಿ ಕಳಿಸುತ್ತಾಳೆ. ಉತ್ತರ ಭೂಪತಿಯ ಕೈಗೆ ಸಿಗುತ್ತದೆ.

ಕೊನೆಯಲ್ಲಿ ಭೂಪತಿಗೆ ಬೇರೆ ಊರಿನ ಒಂದು ಪತ್ರಿಕೆಯಲ್ಲಿ ಕೆಲಸ ಸಿಗುತ್ತದೆ. ಆ ಊರು ಯಾವುದು ಗೊತ್ತಾ? ಮೈಸೂರು. ನಮ್ಮ ಮೈಸೂರೇ. ನನ್ನನ್ನೂ ಕರೆದುಕೊಂಡು ಹೋಗಿ ಅಂತ ಚಾರು ಕೇಳುತ್ತಾಳೆ. ಅವನು ತಡವರಿಸುತ್ತಾನೆ, ಆಗಲಾರದು ಅನ್ನುತ್ತಾನೆ. ಅವಳ ಮುಖ ಬಿಳಿಚಿಕೊಂಡದ್ದು ನೋಡಿ, ಆಮೇಲೆ ‘ಬಾ, ನನ್ನ ಜೊತೆಗೇ ಬಾ’ ಅನ್ನುತ್ತಾನೆ. ಅವಳು ‘ಬೇಡ, ಇರಲಿ’ ಅನ್ನುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಸತ್ಯಜಿತ್ ರಾಯ್ ಇದನ್ನೇ 1964ರಲ್ಲಿ ‘ಚಾರುಲತಾ’ ಸಿನಿಮಾ ಮಾಡಿದರು, ಆದರೆ ಅಲ್ಲಿ ಕೊನೆ ಬೇರೆ. ಸಿನಿಮಾ ನೋಡಿದ್ದೇನೆ ಅಂತ ಕಥೆ ಬಿಡಬೇಡಿ.

ನಾನು ಆ ಪುಟ ಓದಿ ಅಡುಗೆಮನೆಗೆ ಹೋದೆ. ‘ಶಿವಮೊಗ್ಗಕ್ಕೆ ನೀನು ಬರ್ತಿದ್ಯಾ?’ ಅಂತ ಕೇಳಿದೆ. ಅಷ್ಟು ವರ್ಷಕ್ಕೆ ಮೊದಲ ಸಲ ಅವಳನ್ನು ಅದನ್ನು ಕೇಳಿದ್ದು. ‘ಗೊತ್ತಿಲ್ಲ. ಯೋಚನೆ ಮಾಡ್ತಿದ್ದೆ. ಯೋಚನೆ ಮಾಡೋಕಾದ್ರೂ ಬಿಡಬೇಕಿತ್ತು’ ಅಂದಳು. ಆ ರಾತ್ರಿ ತುಂಬ ಹೊತ್ತು ಮಾತಾಡಿದೆವು. ಅಮ್ಮನ ಬಗ್ಗೆ, ಆ ಬಸ್ಸುಗಳ ಬಗ್ಗೆ. ನಾವು ಈಗಲೂ ಒಟ್ಟಿಗೆ ಇದ್ದೇವೆ, ಚೆನ್ನಾಗಿಯೇ ಇದ್ದೇವೆ. ಆದರೆ ಅತ್ತೆಯ ಕೊನೆಯ ವರ್ಷಗಳನ್ನು ನಾನು ಅವಳಿಗೆ ವಾಪಸು ಕೊಡಲಾರೆ. ಅದು ಮುಗಿದುಹೋದದ್ದು.

ನಮ್ಮ ಕನ್ನಡದ್ದೇ ಏನಾದರೂ ಹೇಳಿ ಅಂತಲೂ ಕೇಳಿದ್ದಿರಿ. ಎಲ್ಲರೂ ಮಾಸ್ತಿಯವರ ‘ರಂಗನ ಮದುವೆ’ ಹೇಳುತ್ತಾರೆ. ಓದಲು ಬಲು ಸೊಗಸು. ಬೆಂಗಳೂರಿನಲ್ಲಿ ಓದಿ ಹೊಸಹಳ್ಳಿಗೆ ಬಂದ ರಂಗ, ಈಗಲೇ ಮದುವೆ ಬೇಡ ಅನ್ನುತ್ತಾನೆ. ಕಥೆ ಹೇಳುವ ಶ್ಯಾಮ ಹೂಡುವ ಉಪಾಯದಿಂದ ಹನ್ನೊಂದು ವರ್ಷದ ರತ್ನಳ ಮೇಲೆ ಮನಸ್ಸಾಗಿ ಒಪ್ಪುತ್ತಾನೆ. ಆದರೆ ಮದುವೆ ಹೇಗೆ ಗೆಲ್ಲುತ್ತದೆ ಅಂತ ತಿಳಿಯಲು ಅದನ್ನು ಓದಬೇಡಿ. ಮದುವೆ ಹೇಗೆ ಆಗುತ್ತದೆ ಅನ್ನುವ ಕಥೆ ಅದು, ರತ್ನಳ ಮನಸ್ಸಿನಲ್ಲಿ ಏನಿತ್ತು ಅಂತ ನಮಗೆ ಕೊನೆಗೂ ತಿಳಿಯುವುದಿಲ್ಲ. ಅದಕ್ಕಿಂತ ಅವರದೇ ‘ಮೊಸರಿನ ಮಂಗಮ್ಮ’ ಓದಿ. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ತಂದು ಮಾರುವ ಹೆಂಗಸು, ಮೊಸರು ಕೊಳ್ಳುವ ಮನೆಯ ಅಮ್ಮನ ಹತ್ತಿರ ಕೂತು ತನ್ನ ಸಂಸಾರದ್ದೆಲ್ಲ ಹೇಳಿಕೊಳ್ಳುತ್ತಾಳೆ. ಮಗ ಸೊಸೆಯ ಕಡೆ ನಿಂತ ಅಂತ ಬೇರೆ ಮನೆ ಮಾಡುತ್ತಾಳೆ, ಮೊಮ್ಮಗ ಅವರನ್ನು ಮತ್ತೆ ಸೇರಿಸುತ್ತಾನೆ. ನಮ್ಮಲ್ಲಿ ಮದುವೆ ಅಂದರೆ ಬರೀ ಇಬ್ಬರಲ್ಲ, ಅತ್ತೆ ಸೊಸೆ ಮೊಮ್ಮಕ್ಕಳು ಎಲ್ಲ ಅದರೊಳಗೇ ಇರುತ್ತಾರೆ ಅನ್ನುವುದು ಅದರಲ್ಲಿ ಚೆನ್ನಾಗಿ ಬಂದಿದೆ. ಮಾಸ್ತಿಯವರು ಇದ್ದದ್ದು ಗವಿಪುರದಲ್ಲಿ, ನಮ್ಮ ಹಳೆಯ ಬಾಡಿಗೆ ಮನೆಯ ಪಕ್ಕದ ಬಡಾವಣೆ. ಅದಕ್ಕೇ ನನಗೆ ಆ ಕಥೆಯ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ.

ನೀವು ಕೆಲಸ ತಗೊಳ್ಳಿ ಅಥವಾ ಬಿಡಿ ಅಂತ ನಾನು ಹೇಳುತ್ತಿಲ್ಲ. ಪುಣೆ ಒಳ್ಳೆಯದೋ ಬೆಂಗಳೂರು ಒಳ್ಳೆಯದೋ ನನಗೆ ಗೊತ್ತಿಲ್ಲ. ನಿಮ್ಮ ಹುಡುಗನಿಗೆ ಪುಣೆಗೆ ಬರಲು ಆಸೆ ಇರಬಹುದು, ಇಲ್ಲದೆಯೂ ಇರಬಹುದು. ಅದು ನಿಮಗೂ ಗೊತ್ತಿಲ್ಲ. ಅವರಿಗೆ ಇಲ್ಲೇ ಇರುವುದು ಇಷ್ಟ ಅಂತ ಬರೆದಿದ್ದೀರಿ, ಆದರೆ ಅವರೇ ಹಾಗೆ ಹೇಳಿದರು ಅಂತ ಎಲ್ಲೂ ಬರೆದಿಲ್ಲ. ನಾನು ಎರಡು ಸಲ ಹುಡುಕಿ ನೋಡಿದೆ.

ಶುಕ್ರವಾರದವರೆಗೆ ಸಮಯ ಇದೆ ಅಂದಿದ್ದೀರಿ. ಕಥೆಗಳನ್ನು ಆಮೇಲೆ ಓದಿ. ಇವತ್ತು ಸಂಜೆ ಅವರಿಗೆ ಫೋನ್ ಮಾಡಿ, ಆಫರ್ ಲೆಟರ್ ಕಳಿಸಿ, ಏನು ಮಾಡೋಣ ಅಂತ ಕೇಳಿ.